ಚಾಪೆಯಡಿಯ ಮಾತು

ಅಳತೆಯ ಟೇಪು ಲೊಯಿಮಾತಾಳ ಸೊಂಟವನ್ನು ಸುತ್ತಿ ಬರುವಷ್ಟರಲ್ಲಿ ಎಪೆನೇಸಾಳ ಎರಡು ಕೈಗಳೂ ಸೋತುಹೋದವು. ಅತ್ತೆಯನ್ನು ತಬ್ಬಿಕೊಂಡಂತೆ ನಿಂತು, ಬೆನ್ನ ಹಿಂದೆ ಟೇಪಿನ ತುದಿಯನ್ನು ಬಲಗೈಯಿಂದ ಎಡಗೈಗೆ ದಾಟಿಸಬೇಕು. ಎರಡು ಸಲ ಜಾರಿತು. ಮೂರನೆಯ ಸಲ ಅತ್ತೆಯೇ ಕೈ ಹಿಂದೆ ಮಾಡಿ ತುದಿಯನ್ನು ಹಿಡಿದುಕೊಟ್ಟಳು.

"ಎಷ್ಟು ಬಂತೇ?"

"ನೂರಾ ಇಪ್ಪತ್ತೆಂಟು, ಅತ್ತೆ."

"ಗುಬ್ಬಚ್ಚಿ ಹಾಗೆ ಪಿಸುಗುಟ್ಟಬೇಡ. ಜೋರಾಗಿ ಹೇಳು, ಆ ಕಡೆ ಕೂತೋರಿಗೂ ಕೇಳ್ಲಿ."

ಎಪೆನೇಸಾ ಇನ್ನೊಮ್ಮೆ ಹೇಳಿದಳು. ಆ ಕಡೆ ಕೂತವರಿಗೆ ಆಗಲೂ ಕೇಳಲಿಲ್ಲ. ಕೊನೆಗೆ ಲೊಯಿಮಾತಾ ತಾನೇ ಸಾರಿದಳು, "ನೂರಾ ಇಪ್ಪತ್ತೆಂಟು!" ಕಮಿಟಿ ಮನೆಯ ಕಂಬಗಳಿಗೆ ಒರಗಿ ಕೂತಿದ್ದ ಹೆಂಗಸರೆಲ್ಲ ಚಪ್ಪಾಳೆ ತಟ್ಟಿದರು. ಹೋದ ಸಲ ಗೆದ್ದಿದ್ದ ಪಾದ್ರಿಯಮ್ಮ ಮಾಸೀನಾಳನ್ನು ಆಕೆ ಮೂರು ಸೆಂಟಿಮೀಟರಿನಿಂದ ಹಿಂದೆ ಹಾಕಿದ್ದಳು. ಪಾದ್ರಿಯಮ್ಮ ನಗುನಗುತ್ತಲೇ, "ಬೆಳಗ್ಗೆಯಿಂದ ಉಪವಾಸ ಇಟ್ಟು ಅಳೆದ್ರೆ ಯಾರಿಗೆ ನ್ಯಾಯ ಸಿಗತ್ತೆ ಹೇಳಿ," ಎಂದಳು.

ಸವಾಯಿ ದ್ವೀಪದ ಆ ಊರಲ್ಲಿ ಅಜ್ಜಿಯರ ಕಾಲದಿಂದಲೂ ಆರೋಗ್ಯವೆಂದರೆ ಹೆಂಗಸರ ಕಮಿಟಿಯ ಕೆಲಸ. ಕೂಸುಗಳನ್ನು ತೂಗುವುದು, ಬಾವಿ ಕಾಯುವುದು, ತಿಂಗಳಿಗೊಮ್ಮೆ ಮನೆಮನೆಗೆ ಹೋಗಿ ಅಂಗಳ ಗುಡಿಸಿದೆಯೋ ಇಲ್ಲವೋ ನೋಡುವುದು, ಗುಡಿಸದಿದ್ದರೆ ಡಬ್ಬಿ ಮೀನಿನ ದಂಡ ಹಾಕುವುದು, ಎಲ್ಲ ಅವರದೇ. ಲೊಯಿಮಾತಾ ಹನ್ನೊಂದು ವರ್ಷದಿಂದ ಆ ಕಮಿಟಿಯ ಅಧ್ಯಕ್ಷೆ. ಆಕೆ ದಂಡ ಹಾಕಿದ ಮೇಲೆ ಮೂಲೆಯಲ್ಲಿ ಒಣಗಿದೆಲೆ ಬಿದ್ದಿರುವ ಅಂಗಳ ಊರಲ್ಲಿ ಉಳಿದಿರಲಿಲ್ಲ.

ಎಪೆನೇಸಾ ಆಕೆಯ ತಮ್ಮನ ಮಗಳು. ಸಮುದ್ರದಾಚೆಯ ರಾಜಧಾನಿ ಆಪಿಯಾದಲ್ಲಿ ಮೂರು ವರ್ಷ ಓದಿ ಪದವಿ ಹಿಡಿದು ಬಂದವಳು. ಅಲ್ಲಿಯ ಆಸ್ಪತ್ರೆಯವರು ಹಿಡಿದಿದ್ದ ಒಂದು ಸಂಶೋಧನೆಗೆ ಊರಿನ ಕಡೆಯ ಕೆಲಸ ಅವಳ ಪಾಲಿಗೆ ಬಂದಿತ್ತು. ಹೊಟ್ಟೆಯ ಸುತ್ತ ಕೂಡುವ ಕೊಬ್ಬಿನಿಂದ ರಕ್ತಕ್ಕೆ ಇಳಿಯುವ ಹಾರ್ಮೋನುಗಳಿಗೂ ದೊಡ್ಡ ಕರುಳಿನ ಕ್ಯಾನ್ಸರಿಗೂ ಎಂಥ ನಂಟು ಎಂದು ನೋಡುವ ಕೆಲಸ. ಇಪ್ಪತ್ತನಾಲ್ಕು ಹೆಂಗಸರ ಸೊಂಟ ಅಳೆಯಬೇಕು, ಖಾಲಿ ಹೊಟ್ಟೆಯಲ್ಲಿ ರಕ್ತ ತೆಗೆಸಬೇಕು, ಒಂದು ಪುಟ್ಟ ನಳಿಗೆಯಲ್ಲಿ ಮಲದ ಮಾದರಿ ತರಿಸಬೇಕು. ಕಣ್ಣಿಗೆ ಕಾಣದಷ್ಟು ರಕ್ತ ಅದರಲ್ಲಿದ್ದರೂ ಆಸ್ಪತ್ರೆಯ ಯಂತ್ರ ಹಿಡಿದುಬಿಡುತ್ತಿತ್ತು.

ವಿಷಯವೆಲ್ಲ ಅವಳಿಗೆ ಅಂಗೈ ಗೆರೆಯಷ್ಟು ಗೊತ್ತು. ಬಾಯಿ ಮಾತ್ರ ಏಳದು. ಏಳು ವರ್ಷದವಳಿದ್ದಾಗ ಮಕ್ಕಳ ಭಾನುವಾರದಂದು ಬಿಳಿ ಲಂಗ ತೊಟ್ಟು ಇಗರ್ಜಿಯಲ್ಲಿ ಎಲ್ಲರ ಮುಂದೆ ವಚನ ಹೇಳಲು ನಿಂತು, ಕಲಿತದ್ದೆಲ್ಲ ಮರೆತು, ಬಾಯಿ ತೆರೆದುಕೊಂಡೇ ನಿಂತುಬಿಟ್ಟಿದ್ದಳು. ಆಗ ಮೂರನೆಯ ಸಾಲಿನಿಂದ ಲೊಯಿಮಾತಾ ಎದ್ದು ವಚನವನ್ನು ಮೊದಲಿಂದ ಕೊನೆಯವರೆಗೆ ತಾನೇ ಹೇಳಿ ಮುಗಿಸಿ, "ಆಮೆನ್, ಕೂತ್ಕೊಳ್ಳೇ ಕೂಸೇ," ಅಂದಿದ್ದಳು. ಅಂದಿನಿಂದ ಎಪೆನೇಸಾಳ ಪಾಲಿನ ಮಾತನ್ನೆಲ್ಲ ಅತ್ತೆಯೇ ಆಡುತ್ತ ಬಂದಿದ್ದಳು. ಇಬ್ಬರಿಗೂ ಅದು ಒಗ್ಗಿಹೋಗಿತ್ತು.

ಹಾಗಾಗಿ ಆವತ್ತೂ, ದಾದಿ ರಕ್ತ ತೆಗೆದು ಮುಗಿಸಿ, ಹಸಿದ ಹೆಂಗಸರ ಮುಂದೆ ಬಿಸಿ ಕೋಕೋ ಮತ್ತು ಕರಿದ ಹಿಟ್ಟಿನ ಉಂಡೆಗಳು ಬಂದು ಕೂತ ಮೇಲೆ, ಮಲದ ನಳಿಗೆಯ ವಿಷಯ ಹೇಳಬೇಕಾದ ಹೊತ್ತಿಗೆ ಅವಳು ನಳಿಗೆಗಳ ಚೀಲ ಬಿಚ್ಚಿ ಮತ್ತೆ ಕಟ್ಟಿದಳು. ಮುಂದೆ ಪಾದ್ರಿಯಮ್ಮ ಕೂತಿದ್ದಾಳೆ. ಪಕ್ಕದಲ್ಲಿ ತಿರೇಸಾ ಅಜ್ಜಿ. ಉಂಡೆ ತಿನ್ನುವವರ ಎದುರು ಆ ಮಾತನ್ನು ಹೇಗೆ ಎತ್ತುವುದು? ಚೀಲವನ್ನು ಅತ್ತೆಯ ತೊಡೆಯ ಮೇಲಿಟ್ಟಳು.

"ಅತ್ತೆ, ಇದನ್ನ ಒಬ್ಬೊಬ್ರಿಗೆ ಒಂದೊಂದು ಕೊಟ್ಬಿಡಿ. ಹೆಂಗೆ ಮಾಡೋದು ಅಂತ ಒಳಗೆ ಚೀಟಿ ಇದೆ."

ಲೊಯಿಮಾತಾ ಚೀಟಿ ಓದಿ, ಹುಬ್ಬೇರಿಸಿ, ಚೀಲವನ್ನು ಮಡಚಿ ಕಂಕುಳಿಗಿಟ್ಟಳು. "ಆಯ್ತು, ನನಗೆ ಬಿಡು."

ಮೂರನೆಯ ದಿನಕ್ಕೆ ಐಸ್‌ಕ್ರೀಮಿನ ಖಾಲಿ ಡಬ್ಬದಲ್ಲಿ ಇಪ್ಪತ್ತನಾಲ್ಕು ನಳಿಗೆಗಳೂ ಬಂದವು. ಹೊರಗೆಲ್ಲ ಸೋಪು ಹಾಕಿ ಒರೆಸಿ, ಹೆಸರಿನ ಚೀಟಿ ಚೂರೂ ಓರೆಯಾಗದಂತೆ ಅಂಟಿಸಿದ್ದವು. ಬೇರೆ ಊರುಗಳಿಂದ ಅರ್ಧವೂ ವಾಪಸು ಬಂದಿರಲಿಲ್ಲ. ಆಸ್ಪತ್ರೆಯ ಡಾಕ್ಟರು ಸಿನಿವಾ ಫೋನಿನಲ್ಲಿ ಹೊಗಳಿದ್ದೇ ಹೊಗಳಿದ್ದು. ಎಪೆನೇಸಾ ಆ ಹೊಗಳಿಕೆಯನ್ನು ಅತ್ತೆಗೆ ಒಪ್ಪಿಸಿದಳು. ಅತ್ತೆ ಕಮಿಟಿಗೆ ಒಪ್ಪಿಸಿದಳು. ಕಮಿಟಿ ಅದನ್ನು ಪಕ್ಕದ ಊರಿಗೆ ಕೇಳುವಂತೆ ಹಾಡಿಕೊಂಡಿತು.

ಹತ್ತು ದಿನದ ಮೇಲೆ, ಒಂದು ಶುಕ್ರವಾರ, ಡಾಕ್ಟರು ಮತ್ತೆ ಫೋನು ಮಾಡಿದರು. ಈ ಸಲ ಹೊಗಳಿಕೆ ಇರಲಿಲ್ಲ.

"ಎಪೆನೇಸಾ, ಕೂತ್ಕೊಂಡಿದೀಯಾ? ನಿಮ್ಮೂರಿನ ಇಪ್ಪತ್ತನಾಲ್ಕಕ್ಕೆ ಇಪ್ಪತ್ತನಾಲ್ಕರಲ್ಲೂ ರಕ್ತ ಇದೆ."

"ಎಲ್ಲದ್ರಲ್ಲೂ?"

"ಎಲ್ಲದ್ರಲ್ಲೂ. ಯಂತ್ರ ಸರಿ ಇದೆ, ಎರಡು ಸಲ ನೋಡಿದ್ವಿ. ಬೇರೆ ಊರಿನ ನಲವತ್ತರಲ್ಲಿ ಎರಡು ಬಂದಿದೆ, ಅದು ಸಹಜ. ಇದು ಸಹಜ ಅಲ್ಲ. ಎಲ್ಲಾ ಒಂದೇ ಕಡೆಯಿಂದ ಬಂದ ಹಾಗಿದೆ. ಯಾರೋ ಒಬ್ಬರ ಕರುಳು ರಕ್ತ ಒಸರ್ತಿದೆ ಕಣಮ್ಮ. ಅದು ಯಾರದು?"

"ಕ್ಯಾನ್ಸರಾ ಡಾಕ್ಟ್ರೇ?" ಎಂದಳು ಎಪೆನೇಸಾ.

"ಕ್ಯಾನ್ಸರೇ ಅಂತೇನಿಲ್ಲ. ಆದರೆ ಒಳಗೆ ನೋಡಲೇಬೇಕು. ಕ್ಯಾಮೆರಾ ಇಳಿಸಿ ನೋಡೋ ಡಾಕ್ಟರು ಬರೋ ಗುರುವಾರ ನ್ಯೂಜಿಲೆಂಡಿಂದ ಬರ್ತಾರೆ, ಒಂದೇ ವಾರ ಇರ್ತಾರೆ. ಆಮೇಲೆ ಆರು ತಿಂಗಳು ಯಾರೂ ಇಲ್ಲ. ಇಪ್ಪತ್ತನಾಲ್ಕು ಜನಾನೂ ನೋಡೋಕಾಗಲ್ಲ. ಅಷ್ಟರೊಳಗೆ ಆ ಒಬ್ರನ್ನ ಹುಡುಕಿ ಕರ್ಕೊಂಡ್ಬಾ."

ಸಮುದ್ರ ಇಳಿದ ಹೊತ್ತು. ತಿರೇಸಾ ಅಜ್ಜಿ ಮೊಣಕಾಲುದ್ದ ನೀರಲ್ಲಿ ಬಗ್ಗಿ, ಹವಳದ ಬಂಡೆಯ ಸಂದಿಯಲ್ಲಿ ಚಿಪ್ಪು ಆಯುತ್ತಿದ್ದಳು. ಎಪ್ಪತ್ತೆರಡು ವರ್ಷ, ಗಾಳದ ಕೋಲಿನಂಥ ಮೈ. ಎಪೆನೇಸಾ ಲಂಗ ಎತ್ತಿಕಟ್ಟಿ ನೀರಿಗಿಳಿದಳು. ಎದುರಿಗೆ ಒಬ್ಬರೇ ಇದ್ದಾಗ ಅವಳಿಗೆ ಮಾತು ಸ್ವಲ್ಪ ಸಲೀಸು.

"ಅಜ್ಜಿ, ಆ ನಳಿಗೆ... ಕಡ್ಡಿ ಇತ್ತಲ್ಲ ಅದರಲ್ಲಿ. ನೀವೇ ಮಾಡಿದ್ದಲ್ವಾ?"

ಅಜ್ಜಿ ಬೆನ್ನು ನೆಟ್ಟಗೆ ಮಾಡಿ ಸುತ್ತಲೂ ನೋಡಿದಳು. ದೂರದ ಬೆಳ್ನೊರೆ ಬಿಟ್ಟರೆ ಯಾರೂ ಇರಲಿಲ್ಲ.

"ಯಾರಿಗೂ ಹೇಳ್ಬೇಡ ಮಗಾ. ನಂಗೆ ಹೇಸಿಗೆ ಆಯ್ತು. ನಿಮ್ಮತ್ತೆ ಅಂದ್ಲು, ನಿನ್ನದು ನಾನು ನೋಡ್ಕೋತೀನಿ, ನಿಂಗೊಬ್ಬಳಿಗೆ ಮಾತ್ರ ಅಂತ. ಪುಣ್ಯಾತ್ಗಿತ್ತಿ."

ಪಾದ್ರಿಯಮ್ಮನ ಮನೆಯಲ್ಲಿ ಮಾತು ಇನ್ನೂ ಮೆತ್ತಗೆ ಬಂತು. ಆಕೆ ತೆರೆ ಇಳಿಸಿ, ಕೂತು, ಸೆರಗಿಲ್ಲದಿದ್ದರೂ ಸೆರಗು ಸರಿಮಾಡಿಕೊಳ್ಳುವಂತೆ ಎದೆಯ ಮೇಲೆ ಕೈಯಾಡಿಸಿ ಹೇಳಿದಳು. "ನಾನು ಆ ಕಡ್ಡಿ ನೋಡಿ ಅತ್ತೇಬಿಟ್ಟೆ ಕಣಮ್ಮ. ಪಾದ್ರಿಗಳ ಮನೇಲಿ ಎಲ್ಲಿಡ್ಲಿ ಅದನ್ನ? ಅಧ್ಯಕ್ಷೆಯವರು ನನಗೊಬ್ಬಳಿಗೆ ಮಾತ್ರ ಅಂತ..."

ಮೂರನೆಯ ಮನೆಯಲ್ಲೂ 'ನನಗೊಬ್ಬಳಿಗೆ ಮಾತ್ರ' ಕೇಳಿದ ಮೇಲೆ ಎಪೆನೇಸಾ ನಾಲ್ಕನೆಯ ಮನೆಗೆ ಹೋಗಲಿಲ್ಲ.

ಲೊಯಿಮಾತಾ ಮನೆಯ ಜಗುಲಿಯಲ್ಲಿ ಕಾಲು ಮಡಿಸಿ ಕೂತು ನಯದ ಚಾಪೆ ಹೆಣೆಯುತ್ತಿದ್ದಳು. ಕೂದಲಷ್ಟು ಸಣ್ಣಗೆ ಸೀಳಿದ ಎಲೆಯ ಎಳೆಗಳು ಅವಳ ದಪ್ಪ ಬೆರಳುಗಳ ನಡುವೆ ನೀರಿನಂತೆ ಹರಿಯುತ್ತಿದ್ದವು. ಕೇಳಿದ್ದಕ್ಕೆ ಮುಚ್ಚುಮರೆಯಿಲ್ಲದೆ ಒಪ್ಪಿಕೊಂಡಳು.

"ಹೌದು, ನಾನೇ ತುಂಬಿದ್ದು. ಏನೀಗ? ಒಬ್ಬಳಿಗೆ ಹೇಸಿಗೆ, ಒಬ್ಬಳಿಗೆ ಅಳು, ಒಬ್ಬಳಿಗೆ ಮೂರು ದಿನದಿಂದ ಹೊರಕಡೆಗೇ ಆಗಿಲ್ಲ. ಆಸ್ಪತ್ರೆಯೋರು ನಂಟರ ಹಾಗೆ ಬಂದು ಊರಿನ ಮುಂದೆ ಕೈ ಚಾಚಿದ್ರು. ಇಲ್ಲ ಅಂತ ಬರಿಗೈಲಿ ಕಳಿಸೋಕಾಗತ್ತಾ? ನನ್ನ ಹತ್ರ ಬೇಕಾದಷ್ಟಿತ್ತು, ಕೊಟ್ಟೆ."

ಎಪೆನೇಸಾಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಊರಲ್ಲಿ ಯಾರ ಮನೆಗೆ ನಂಟರು ಬಂದರೂ, ಆ ಮನೆಯಲ್ಲಿ ಇಲ್ಲದ್ದು ಅತ್ತೆಯ ಮನೆಯಿಂದ ಹೋಗುತ್ತಿತ್ತು. ಕೆಸುವಿನ ಗೆಡ್ಡೆ, ಹಂದಿಮರಿ, ಡಬ್ಬಿ ಮಾಂಸ, ಹಾಸಲು ಚಾಪೆ. ಮುಂದೆ ನಿಲ್ಲುವವರು ಮೊದಲು ಬಡಿಸಬೇಕು ಅನ್ನುವುದು ಆಕೆಯ ನೇಮ.

"ಅತ್ತೆ, ಇಪ್ಪತ್ತನಾಲ್ಕರಲ್ಲೂ ರಕ್ತ ಬಂದಿದೆ."

ಎಳೆಗಳು ನಿಂತವು.

"ಎಲ್ಲಾ ನಿಮ್ದೇ ಅಂದ್ರೆ..."

"ಪಪ್ಪಾಯಿ ತಿಂದಿದ್ದೆ."

"ಪಪ್ಪಾಯಿಗೆ ಹಾಗೆ ಬರಲ್ಲ ಅತ್ತೆ. ಗುರುವಾರ ಆಪಿಯಾಗೆ ಡಾಕ್ಟರು..."

"ಆಪಿಯಾಗೆ ನಾನು ಬರಲ್ಲ." ಆಕೆ ಮತ್ತೆ ಎಳೆ ಹಿಡಿದಳು, ಈಗ ತಪ್ಪು ಸಂದಿಯಲ್ಲಿ ಹೋಯಿತು, ಬಿಚ್ಚಿದಳು. "ನಮ್ಮಮ್ಮ ಹೊಟ್ಟೆನೋವು ಅಂತ ನಡ್ಕೊಂಡೇ ಹಡಗು ಹತ್ತಿದ್ಲು. ಹನ್ನೆರಡು ದಿನಕ್ಕೆ ಪೆಟ್ಟಿಗೇಲಿ ಬಂದ್ಲು, ಮೇಲೊಂದು ಚಾಪೆ ಹೊದಿಸ್ಕೊಂಡು. ನೀನಿನ್ನೂ ಹುಟ್ಟಿರ್ಲಿಲ್ಲ. ನನಗೆ ಏನೂ ಆಗಿಲ್ಲ. ಈ ಮೈ ನೋಡು, ಕಾಯಿಲೆ ಮೈ ಹೀಗಿರತ್ತಾ? ಇದನ್ನ ಯಾರ ಹತ್ರಾನಾದ್ರೂ ಬಾಯಿ ಬಿಟ್ಟೆ ಅಂದ್ರೆ, ನೀನು ನನ್ನ ತಮ್ಮನ ಮಗಳೇ ಅಲ್ಲ."

ಸೋದರತ್ತೆಯ ಮುನಿಸು ಏಳು ತಲೆಮಾರು ಕಾಡುತ್ತದೆ ಎಂದು ನಂಬುವ ಊರು ಅದು. ಎಪೆನೇಸಾ ಎದ್ದು ಬಂದಳು.

ಶನಿವಾರ ಕಳೆಯಿತು. ಭಾನುವಾರ ಇಗರ್ಜಿ ಮುಗಿದು, ಬಿಸಿಗಲ್ಲಿನ ಒಲೆಯಿಂದ ತೆಗೆದ ಜೀಗುಜ್ಜೆ, ಕೆಸುವಿನೆಲೆಯಲ್ಲಿ ಬೆಂದ ತೆಂಗಿನ ಹಾಲು, ಹಂದಿಮಾಂಸ ಎಲ್ಲ ಎಂದಿನಂತೆ ಬಂದವು. ಅತ್ತೆ ಎಲ್ಲರಿಗೂ ಬಡಿಸಿದಳು, ತಾನೂ ಎರಡು ಸಲ ಹಾಕಿಸಿಕೊಂಡಳು. ಎಪೆನೇಸಾ ಕೂತಲ್ಲೇ ಲೆಕ್ಕ ಹಾಕಿದಳು. ಗುಟ್ಟು ಅತ್ತೆಯದು, ಅದನ್ನು ಬಿಚ್ಚುವ ಹಕ್ಕು ತನಗಿಲ್ಲ. ಆದರೆ ತಪ್ಪು ತನ್ನದು. ಆ ದಿನ ತಾನು ಎದ್ದು ನಿಂತು ನಾಲ್ಕು ಮಾತು ಆಡಿದ್ದರೆ ನಳಿಗೆಗಳು ಅವರವರ ಕೈಗೆ ಹೋಗುತ್ತಿದ್ದವು. ತಪ್ಪು ಮಾಡಿದವರು ಏನು ಮಾಡಬೇಕೆಂದು ಆ ಊರಲ್ಲಿ ಹುಟ್ಟಿದ ಮಕ್ಕಳಿಗೂ ಗೊತ್ತು. ಮಂಗಳವಾರ ಕಮಿಟಿ ಸೇರುವ ದಿನ.

ಮಂಗಳವಾರ ಬೆಳಗ್ಗೆ ಕಮಿಟಿ ಮನೆಗೆ ಮೊದಲು ಬಂದ ತಿರೇಸಾ ಅಜ್ಜಿ ಕೂಗಿಕೊಂಡಳು. "ಅಯ್ಯಯ್ಯೋ! ಯಾರು ಯಾರನ್ನ ಕೊಂದ್ರು?"

ಅಂಗಳದ ನಡುವೆ, ಹುಲ್ಲಿನ ಮೇಲೆ, ತಲೆಯಿಂದ ಕಾಲವರೆಗೆ ನಯದ ಚಾಪೆ ಹೊದ್ದು ಯಾರೋ ತಲೆ ತಗ್ಗಿಸಿ ಕೂತಿದ್ದರು. ಕೊಲೆಯಾದಾಗ, ಮನೆತನದ ಮಾನ ಹೋದಾಗ, ತಪ್ಪಿನವರು ನೊಂದವರ ಮನೆ ಮುಂದೆ ಹಾಗೆ ಕೂರುವುದು. ಮನೆಯವರು ಬಂದು ಚಾಪೆ ಎತ್ತಿದರೆ ಕ್ಷಮೆ. ಎತ್ತದಿದ್ದರೆ, ಹಿಂದಿನ ಕಾಲದಲ್ಲಿ, ಕತ್ತಿ. ತಿರೇಸಾ ತನ್ನ ಜನ್ಮದಲ್ಲಿ ಎರಡೇ ಸಲ ನೋಡಿದ್ದಳು. ಅರ್ಧ ಗಂಟೆಯೊಳಗೆ ಕಮಿಟಿಯ ಅಷ್ಟೂ ಜನ ಕಂಬಗಳ ನಡುವೆ ಬಂದು ಕೂತರು. ಕೊನೆಗೆ ಲೊಯಿಮಾತಾ ಬಂದಳು. ಚಾಪೆಯ ಅಂಚಿಗಿದ್ದ ಮಾಸಿದ ಕೆಂಪು ಗರಿಗಳನ್ನು ನೋಡಿದ್ದೇ ಅವಳ ಕಾಲು ನಿಂತಿತು. ತಾಯಿಯ ಪೆಟ್ಟಿಗೆಯ ಮೇಲೆ ಆಪಿಯಾದಿಂದ ಬಂದ ಚಾಪೆ ಅದು. ಇಪ್ಪತ್ತೇಳು ವರ್ಷ ಅವಳ ಹಾಸಿಗೆಯ ಕೆಳಗಿದ್ದದ್ದು.

"ಎಪೆನೇಸಾ! ಏನೇ ಇದು ಹುಚ್ಚಾಟ? ಎದ್ದೇಳು!"

ಚಾಪೆ ಅಲುಗಿತು. ಏಳಲಿಲ್ಲ.

"ಅಕ್ಕಂದಿರೇ, ಅಮ್ಮಂದಿರೇ, ನಾನು ತಪ್ಪು ಮಾಡಿದೀನಿ," ಎಂದಿತು ಚಾಪೆ.

ಒಳಗೆ ಕತ್ತಲು, ಹಳೆಯ ಎಲೆಯ ಘಮ, ಹೆಣಿಗೆಯ ಸಂದಿಯಿಂದ ಸೂಜಿಮೊನೆಯಷ್ಟು ಬೆಳಕು. ಎಪೆನೇಸಾಗೆ ಯಾರ ಮುಖವೂ ಕಾಣುತ್ತಿರಲಿಲ್ಲ. ಯಾರ ಮುಖವೂ ಕಾಣದಿದ್ದರೆ ಮಾತು ಎಷ್ಟು ಸುಲಭ ಎಂದು ಅವಳಿಗೆ ಅದೇ ಮೊದಲು ಗೊತ್ತಾದದ್ದು.

"ಆ ನಳಿಗೆ ಯಾಕೆ, ಏನು ಅಂತ ನಿಮಗೆ ಹೇಳಬೇಕಾದ್ದು ನನ್ನ ಕೆಲಸ. ನಾಚಿಕೆ ಆಗಿ ಹೇಳ್ಲಿಲ್ಲ. ಎಲ್ಲಾ ಕೆಟ್ಟುಹೋಗಿದೆ, ಮತ್ತೆ ಮಾಡ್ಬೇಕು. ತಪ್ಪು ನನ್ನದು, ಇನ್ಯಾರದ್ದೂ ಅಲ್ಲ."

ಇಪ್ಪತ್ಮೂರು ಹೆಂಗಸರೂ ಒಬ್ಬೊಬ್ಬರು ಒಂದೊಂದು ದಿಕ್ಕಿಗೆ ನೋಡಿದರು. ಪ್ರತಿಯೊಬ್ಬಳೂ ತನ್ನೊಬ್ಬಳಿಂದಲೇ ಕೆಟ್ಟಿತು ಅಂದುಕೊಂಡಳು.

"ಇಷ್ಟಕ್ಕೆ ಚಾಪೆ ಹೊದ್ಯೋದಾ?" ಪಾದ್ರಿಯಮ್ಮ ಗೊಣಗಿದಳು. "ಬಿಡಮ್ಮ, ಎರಡು ಡಬ್ಬಿ ಮೀನು ದಂಡ ಹಾಕಿ ಮುಗಿಸೋಣ."

"ಮುಗಿಯಲ್ಲ ಪಾದ್ರಿಯಮ್ಮ. ನಮ್ಮಲ್ಲಿ ಯಾರಿಗೋ ಒಬ್ರಿಗೆ ಕರುಳಲ್ಲಿ ರಕ್ತ ಒಸರ್ತಿದೆ. ಅವರಿಗೆ ನೋವಿಲ್ಲ, ಗೊತ್ತೂ ಆಗಲ್ಲ. ಅದಕ್ಕೇ ಪೂರ್ತಿ ಹೇಳ್ತೀನಿ, ಕೇಳಿ." ಅವಳು ಉಸಿರು ಎಳೆದುಕೊಂಡಳು. "ಸೊಂಟದ ಕೊಬ್ಬು ಅಂದ್ರೆ ಡಬ್ಬೀಲಿ ಎತ್ತಿಟ್ಟ ಎಣ್ಣೆ ಅಂದ್ಕೊಂಡಿದೀವಿ. ಸುಮ್ಮನೆ ಕೂತಿರತ್ತೆ ಅಂತ. ಅದು ಸುಮ್ಮನೆ ಕೂರಲ್ಲ. ಮಾತಾಡತ್ತೆ. ಹಗಲೂ ರಾತ್ರಿ ರಕ್ತದಲ್ಲಿ ಮಾತು ಕಳಿಸ್ತಾನೇ ಇರತ್ತೆ. ಹಾರ್ಮೋನು ಅಂದ್ರೆ ಅದೇ. ಅದರಲ್ಲಿ ಒಂದು ಲೆಪ್ಟಿನ್. ಇನ್ನೊಂದು ಅಡಿಪೊನೆಕ್ಟಿನ್."

"ಹೆಸರು ನೆಟ್ಟಗಿಲ್ಲ," ಎಂದಳು ತಿರೇಸಾ.

"ಮೊದಲನೇದು ನಮ್ಮ ವಾಗ್ಮಿ ತುಯಿಲಾ ಅಂದ್ಕೊಳ್ಳಿ ಅಜ್ಜಿ."

ಹೆಂಗಸರು ಕಿಸಕ್ಕನೆ ನಕ್ಕರು. ತುಯಿಲಾ ಊರ ಸಭೆಯಲ್ಲಿ ಕೋಲೂರಿ ನಿಂತರೆ ಒಲೆಯ ಕಲ್ಲು ತಣ್ಣಗಾಗುವವರೆಗೆ ಕೂರದ ಮನುಷ್ಯ.

"ಅವನು ಅನ್ನೋದು ಒಂದೇ, 'ಬೆಳೀರಿ, ಬೆಳೀರಿ.' ಇನ್ನೊಂದು, ಇಗರ್ಜಿಯ ಹಿರಿಯ ಪೆಲೆನಾತೋ ತಾತ. ಮೆತ್ತಗೆ 'ಸಾಕು, ಕೂತ್ಕೊಳ್ಳಿ' ಅನ್ನೋನು. ಮೈಗೆ ಇಬ್ಬರೂ ಬೇಕು. ಆದ್ರೆ ಹೊಟ್ಟೆ ದೊಡ್ಡದಾದಷ್ಟೂ ತುಯಿಲಾನ ಗಂಟಲು ದೊಡ್ಡದಾಗತ್ತೆ, ತಾತನ ದನಿ ಅಡಗಿಹೋಗತ್ತೆ. ಕರುಳಿನ ಗೋಡೆಗೆ ಕೇಳೋದು ಬೆಳೀರಿ ಅನ್ನೋದೊಂದೇ. ಅದು ಬೆಳೀಬಾರದ ಕಡೆ ಬೆಳೀಬಹುದು. ಅಣಬೆ ಥರ ಒಂದು ಸಣ್ಣ ಗಂಟು."

"ದಪ್ಪ ಇದ್ದೋರಿಗೆಲ್ಲ ಬರತ್ತಾ?" ಪಾದ್ರಿಯಮ್ಮನ ದನಿಯಲ್ಲಿ ಈಗ ಗೊಣಗಾಟ ಇರಲಿಲ್ಲ.

"ಎಲ್ರಿಗೂ ಇಲ್ಲ. ತೆಳ್ಳಗಿದ್ದೋರಿಗೂ ಬರಬಹುದು. ದಪ್ಪ ಇದ್ರೆ ಸಂಭವ ಹೆಚ್ಚು. ಈ ಮಾತುಗಳಿಂದಲೇ ಎಷ್ಟು ಹೆಚ್ಚು ಅಂತ ಇನ್ನೂ ಅಳೀತಿದಾರೆ, ಅದಕ್ಕೇ ನಮ್ಮ ರಕ್ತ ತಗೊಂಡಿದ್ದು. ಆದ್ರೆ ಒಂದು ಗೊತ್ತು. ಆ ಗಂಟು ಕೆಟ್ಟದ್ದಾಗೋಕೆ ಎಷ್ಟೋ ವರ್ಷ ಬೇಕು. ಈಗಲೇ ನೋಡಿದ್ರೆ ಅಣಬೆ ಕಿತ್ತ ಹಾಗೆ ಕಿತ್ತು ಬಿಸಾಕ್ತಾರೆ. ನೋಡದೆ ಬಿಟ್ರೆ..." ಚಾಪೆಯೊಳಗಿಂದ ಒಂದು ಕೈ ಹೊರಬಂದು ಅಂಚಿನ ಗರಿಗಳನ್ನು ಮುಟ್ಟಿತು. "ನಮ್ಮಜ್ಜಿ ಈ ಚಾಪೆ ಹೊದ್ದು ಬಂದ್ರು. ಆಸ್ಪತ್ರೆಗೆ ಹೋಗಿದ್ದಕ್ಕಲ್ಲ. ತಡವಾಗಿ ಹೋಗಿದ್ದಕ್ಕೆ. ಇದನ್ನ ನಾನು ಇನ್ನೊಂದು ಸಲ ಹಾಸಿಗೆ ಕೆಳಗಿಂದ ತೆಗೀಲಾರೆ."

ಕಮಿಟಿ ಮನೆಯಲ್ಲಿ ಬೀಸಣಿಗೆಗಳು ನಿಂತುಬಿಟ್ಟವು. ಪಾದ್ರಿಯಮ್ಮ ಪಕ್ಕಕ್ಕೆ ತಿರುಗಿ, "ಅಧ್ಯಕ್ಷೆಯವರೇ, ಹೋಗಿ ಚಾಪೆ ಎತ್ತಿ. ಮಗು ಬಿಸಿಲಲ್ಲಿದೆ," ಎಂದಳು.

"ಅವಳು ಎತ್ತೋ ಹಾಗಿಲ್ಲ," ತಿರೇಸಾ ಅಡ್ಡ ಬಂದಳು. ರೀತಿ ರಿವಾಜಿನ ವಿಷಯದಲ್ಲಿ ಆಕೆಯ ಮಾತೇ ಕೊನೆ. "ತಪ್ಪು ಮಾಡಿದ್ದು ಅವಳ ತಮ್ಮನ ಮಗಳು. ತಪ್ಪಿನವರ ಮನೆಯವರು ಚಾಪೆ ಎತ್ತಲ್ಲ, ಚಾಪೆಯ ಕೆಳಗೆ ಕೂರ್ತಾರೆ."

ಲೊಯಿಮಾತಾ ಕಂಬ ಹಿಡಿದು ನಿಂತೇ ಇದ್ದಳು. ಎಲ್ಲರೂ ಅವಳನ್ನೇ ನೋಡುತ್ತಿದ್ದರು. ಆಕೆ ನೋಡುತ್ತಿದ್ದದ್ದು ಗರಿಗಳನ್ನು. ಕೊನೆಗೆ ಮೆಟ್ಟಿಲಿಳಿದಳು, ಹುಲ್ಲಿನ ಮೇಲೆ ಭಾರವಾಗಿ ಮಂಡಿಯೂರಿದಳು, ಚಾಪೆಯ ಅಂಚನ್ನು ಎತ್ತಿ ತಲೆ ಒಳಗೆ ತೂರಿಸಿದಳು. ತಲೆ ಹೋಯಿತು, ಒಂದು ಭುಜ ಹೋಯಿತು. ಮಿಕ್ಕದ್ದೆಲ್ಲ ಹೊರಗೇ ಉಳಿಯಿತು.

ಯಾರೋ ಒಬ್ಬಳು ತಡೆಯಲಾರದೆ ನಕ್ಕಳು. ಆಮೇಲೆ ಕಮಿಟಿಗೆ ಕಮಿಟಿಯೇ ನಕ್ಕಿತು.

ಚಾಪೆಯೊಳಗೆ ಅತ್ತೆಯ ಮುಖ ಎಪೆನೇಸಾಳ ಮುಖಕ್ಕೆ ಗೇಣು ದೂರದಲ್ಲಿತ್ತು. ಬೆವರಿತ್ತು, ಕಣ್ಣು ಒದ್ದೆಯಾಗಿತ್ತು.

"ನನ್ನ ಹೆಸರು ಹೇಳ್ಲಿಲ್ಲ ನೀನು," ಎಂದು ಪಿಸುಗುಟ್ಟಿದಳು.

"ನಿಮ್ಮ ಗುಟ್ಟು ಅದು."

"ಇಷ್ಟು ಮಾತು ಎಲ್ಲಿ ಬಚ್ಚಿಟ್ಟಿದ್ದೆಯೇ ಕಳ್ಳೀ?"

"ಹೆದ್ರಿಕೆ ಆಗ್ತಿದೆ ಅತ್ತೆ."

"ನನಗೂ ಆಗ್ತಿದೆ ಕಣೇ." ಆಕೆ ಮೂಗು ಒರೆಸಿಕೊಂಡಳು. "ಆ ತುಯಿಲಾ ನನ್ನ ಹೊಟ್ಟೇಲೂ ಬಂದು ಭಾಷಣ ಮಾಡ್ತಾನೆ ಅಂದ್ರೆ ಸುಮ್ನೆ ಬಿಡೋಕಾಗತ್ತಾ? ಬರ್ತೀನಿ ಆಪಿಯಾಗೆ. ಹಡಗಲ್ಲಿ ಕಿಟಕಿ ಪಕ್ಕ ನನಗೆ."

ಮತ್ತೆ ತಲೆಯನ್ನು ಅರ್ಧ ಹೊರಗೆ ಹಾಕಿ, ಎಂದಿನ ದೊಡ್ಡ ದನಿಯಲ್ಲಿ ಸಾರಿದಳು. "ನಳಿಗೆ ಎಲ್ಲಾ ತುಂಬಿದ್ದು ನಾನೇ! ಇಪ್ಪತ್ತನಾಲ್ಕೂ! ನಿಂಗೊಬ್ಬಳಿಗೆ ಮಾತ್ರ ಅಂತ ಇಪ್ಪತ್ಮೂರು ಜನಕ್ಕೆ ಹೇಳಿದ್ದೂ ನಾನೇ. ರಕ್ತ ನನ್ನದು. ಈಗ ಯಾರಾದ್ರೂ ಬಂದು ಇದನ್ನ ಎತ್ತಿ, ಉಸಿರು ಕಟ್ತಿದೆ."

ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. "ನಿನಗೂ ಅಂದಿದ್ಲಾ?" "ನಿನಗೂನಾ?" ಎಂಬ ಗುಜುಗುಜು ಕಂಬದಿಂದ ಕಂಬಕ್ಕೆ ಹರಿದು ಸುತ್ತಿ ಬಂತು. ತಿರೇಸಾ ಅಜ್ಜಿ ಎದ್ದು, ಇಬ್ಬರ ಮೇಲಿಂದಲೂ ಚಾಪೆ ಎತ್ತಿ, ನಾಲ್ಕು ಮಡಿಕೆ ಮಾಡಿ ತನ್ನ ಮಡಿಲಲ್ಲಿಟ್ಟುಕೊಂಡಳು. "ಇದು ಇನ್ನು ನನ್ನ ಹತ್ರ ಇರತ್ತೆ. ನಿಮ್ಮನೇಲಿ ಇದಕ್ಕೆ ಕೆಲಸ ಇಲ್ಲ."

ಗುರುವಾರದ ಹಡಗಿಗೆ ಅಧ್ಯಕ್ಷೆ ಮತ್ತು ಎಪೆನೇಸಾಳ ಜೊತೆ ಇನ್ನೂ ಒಂಬತ್ತು ಜನ ಹೊರಟರು. ಒಬ್ಬರನ್ನೇ ಆಸ್ಪತ್ರೆಗೆ ಕಳಿಸುವುದುಂಟೇ? ಕರುಳು ತೊಳೆಯುವ ಔಷಧಿ ಕುಡಿದು ಒಂದು ದಿನ ಏನೂ ತಿನ್ನದೆ ಇರಬೇಕೆಂದು ಚೀಟಿಯಲ್ಲಿ ಬರೆದಿತ್ತು. ಈ ಸಲ ಚೀಟಿಯನ್ನು ಎಪೆನೇಸಾ ಅತ್ತೆಗೂ ಆ ಒಂಬತ್ತು ಜನಕ್ಕೂ ಓದಿ ಹೇಳಿದಳು. ಆಪಿಯಾದಲ್ಲಿ ಇಳಿದುಕೊಂಡಿದ್ದ ನಂಟರ ಮನೆಯಲ್ಲಿ ಒಲೆ ಹೊತ್ತಿಸಲು ಅವರು ಯಾರನ್ನೂ ಬಿಡಲಿಲ್ಲ. ಅಧ್ಯಕ್ಷೆ ಉಪವಾಸವಿದ್ದರೆ ಕಮಿಟಿಯೂ ಉಪವಾಸ ಎಂದು ಪಾದ್ರಿಯಮ್ಮ ಶಾಸನ ಮಾಡಿದಳು. ಹೊರಕಡೆಗೆ ಹದಿನಾಲ್ಕು ಸಲ ಓಡಿದ ಲೊಯಿಮಾತಾ ಹದಿನೈದನೆಯ ಸಲ ಬಾಗಿಲ ಒಳಗಿಂದಲೇ ಕೂಗಿದಳು, "ಈಗ ಕಳಿಸ್ರೇ ಆ ನಳಿಗೆಗಳನ್ನ!"

ಕ್ಯಾಮೆರಾದ ಡಾಕ್ಟರಿಗೆ ಗಂಟು ಸಿಕ್ಕಿತು. ಹೆಬ್ಬೆರಳಿನ ತುದಿಯಷ್ಟು, ಕಾಂಡವಿದ್ದದ್ದು, ಮೇಲೆ ಸಣ್ಣಗೆ ರಕ್ತ ಒಸರುತ್ತಿದ್ದದ್ದು. ಅಲ್ಲೇ ಕುಣಿಕೆ ಹಾಕಿ ಕಿತ್ತರು. ಪ್ರಯೋಗಾಲಯದ ಕಾಗದ ಮೂರು ವಾರದ ಮೇಲೆ ಬಂತು. ಕ್ಯಾನ್ಸರ್ ಆಗಿರಲಿಲ್ಲ, ಬಿಟ್ಟಿದ್ದರೆ ಆಗುವ ದಾರಿಯಲ್ಲಿತ್ತು. ಅದರ ಜೊತೆಗೆ ರಕ್ತದ ಅಂಕಿಗಳೂ ಬಂದಿದ್ದವು. ಇಪ್ಪತ್ತನಾಲ್ಕು ಜನರಲ್ಲಿ ಲೊಯಿಮಾತಾಳ ಲೆಪ್ಟಿನ್ ಎಲ್ಲರಿಗಿಂತ ಮೇಲೆ, ಅಡಿಪೊನೆಕ್ಟಿನ್ ಎಲ್ಲರಿಗಿಂತ ಕೆಳಗೆ. "ಒಬ್ಬರ ಲೆಕ್ಕದಿಂದ ಏನೂ ಸಾಬೀತಾಗಲ್ಲ," ಎಂದರು ಸಿನಿವಾ, "ಆದರೆ ಸೊಂಟ ಇಳಿದರೆ ತಾತನ ದನಿ ಸ್ವಲ್ಪ ಏರೋದು ನಿಜ. ನೀನು ಹೇಳಿದ ಆ ತುಯಿಲಾನ ಕತೇನ ನಾನು ಬೇರೆ ಊರುಗಳಲ್ಲೂ ಹೇಳ್ತಿದೀನಿ, ಅಭ್ಯಂತರ ಇಲ್ಲ ತಾನೇ?"

ತುಯಿಲಾನ ಅಭ್ಯಂತರವನ್ನು ಯಾರೂ ಕೇಳಲಿಲ್ಲ.

ಅಂದಿನಿಂದ ಸಮುದ್ರ ಇಳಿದಾಗಲೆಲ್ಲ ಲೊಯಿಮಾತಾ ತಿರೇಸಾಳ ಹಿಂದೆ ಹವಳದ ಬಂಡೆಗೆ ಹೋಗತೊಡಗಿದಳು. ಮೊದಮೊದಲು ಬಯ್ದುಕೊಂಡು, ಆಮೇಲೆ ಚಿಪ್ಪು ಯಾರದ್ದು ಹೆಚ್ಚು ಎಂದು ಜಗಳ ಆಡಿಕೊಂಡು. ಡಬ್ಬಿ ಮಾಂಸ ಭಾನುವಾರಕ್ಕೆ ಮಾತ್ರ ಉಳಿಯಿತು. ಆರು ತಿಂಗಳಿಗೆ ಆಸ್ಪತ್ರೆಯವರು ಹೊಸ ನಳಿಗೆ, ಹೊಸ ಟೇಪು ಕಳಿಸಿದರು.

ಎಪೆನೇಸಾ ಕಮಿಟಿ ಮನೆಯ ನಡುವೆ ನಿಂತಳು. ಚಾಪೆ ಇರಲಿಲ್ಲ, ಇಪ್ಪತ್ತನಾಲ್ಕು ಮುಖಗಳೂ ನೆಟ್ಟಗೆ ಕಾಣುತ್ತಿದ್ದವು. ಕಡ್ಡಿಯನ್ನು ಎತ್ತಿ ತೋರಿಸಿ, ಎಲ್ಲಿ ಚುಚ್ಚಬೇಕು, ಎಷ್ಟು ಸಾಕು ಎಂದು ಒಂದೊಂದನ್ನೂ ಹೇಳಿದಳು. ಪಾದ್ರಿಯಮ್ಮ ಕಣ್ಣು ಮುಚ್ಚಿಕೊಂಡಳು, ಆದರೆ ಕಿವಿ ಮುಚ್ಚಲಿಲ್ಲ. ನಳಿಗೆಗಳನ್ನು ಎಪೆನೇಸಾ ತಾನೇ ಒಬ್ಬೊಬ್ಬರ ಅಂಗೈಗಿಟ್ಟಳು. "ಅವರವರದು ಅವರವರೇ," ಎಂದಳು, "ಯಾರೂ ಯಾರಿಗೂ ಬಡಿಸೋ ಹಾಗಿಲ್ಲ."

ಕೊನೆಗೆ ಟೇಪು ಬಿಚ್ಚಿದಳು. ಅತ್ತೆ ಕೈ ಎತ್ತಿ ನಿಂತಳು. ಬೆನ್ನ ಹಿಂದೆ ಟೇಪಿನ ತುದಿ ಬಲಗೈಯಿಂದ ಎಡಗೈಗೆ ಒಂದೇ ಸಲಕ್ಕೆ ದಾಟಿತು.

"ಎಷ್ಟು ಬಂತೇ?" ಲೊಯಿಮಾತಾ ಅವಳ ಕಿವಿಯಲ್ಲಿ ಕೇಳಿದಳು.

"ನೂರಾ ಹತ್ತೊಂಬತ್ತು."

"ಮೆತ್ತಗೆ ಹೇಳೇ, ಮಾನ ಹೋಗತ್ತೆ. ಅಧ್ಯಕ್ಷೆ ಮನೇಲಿ ಒಲೆ ಉರಿಯಲ್ಲ ಅಂದ್ಕೊಂಡಾರು."

ಎಪೆನೇಸಾ ಟೇಪು ಸುತ್ತಿಕೊಂಡು ಆ ಕಡೆ ಕೂತವರತ್ತ ತಿರುಗಿದಳು.

"ನೂರಾ ಹತ್ತೊಂಬತ್ತು!" ಎಂದು ಕೂಗಿದಳು. ದಂಡೆಯಲ್ಲಿ ದೋಣಿ ಎಳೆಯುತ್ತಿದ್ದವರೂ ತಿರುಗಿ ನೋಡಿದರು.